ರಿಕಾಲ್ ಸಾಲದು, ಪರಿಹಾರ ಕೊಡಿಸಿ

2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ್ಟ ತಂಡವೊಂದು ಡೀಸೆಲ್ ಕಾರುಗಳಿಗೆ ಉಪಕರಣ ಜೋಡಿಸಿ ರಸ್ತೆಗಿಳಿಯಿತು. ಪ್ರಯೋಗಾಲಯದಲ್ಲಿ ಪಾಸಾಗುವ ಫೋಕ್ಸ್‌ವ್ಯಾಗನ್ ಕಾರುಗಳು ರಸ್ತೆಯಲ್ಲಿ ಮಿತಿಮೀರಿ ವಿಷಾನಿಲ ಕಾರುತ್ತವೆ ಎಂಬುದು ಗೊತ್ತಾದದ್ದು ಆ ಅಳತೆಯಿಂದ. ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಇದ್ದರು. ನಮ್ಮೂರಿನ ಎಂಜಿನಿಯರ್ ಕೂಡ ಸೇರಿ ಬಯಲಿಗೆಳೆದ ಮೋಸಕ್ಕೆ ಅಮೆರಿಕದವರು ಪರಿಹಾರ ಪಡೆದರು. ನಮ್ಮೂರಿನಲ್ಲಿ ಅದೇ ಕಂಪನಿಯ ಡೀಸೆಲ್ ಕಾರು ಕೊಂಡವರಿಗೆ ಸಾಫ್ಟ್‌ವೇರ್ ಸರಿಪಡಿಸಿಕೊಡುವ ಮಾತಷ್ಟೇ ಸಿಕ್ಕಿತು. ಇದು ಅನ್ಯಾಯ. ಇದರ ಹೊಣೆ ಕಂಪನಿಯದ್ದಷ್ಟೇ ಅಲ್ಲ, ನಮ್ಮ ಸರ್ಕಾರದ್ದೂ ಹೌದು.

ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ 2016ರ ಅಕ್ಟೋಬರ್‌ನಲ್ಲಿ ಸಾಮೂಹಿಕ ದಾವೆಯ ರಾಜಿಗೆ ಒಪ್ಪಿಗೆ ಕೊಟ್ಟರು. ಎರಡು ಲೀಟರ್ ಎಂಜಿನ್ನಿನ ಸುಮಾರು 4.75 ಲಕ್ಷ ಕಾರುಗಳಿಗಾಗಿ 1,000 ಕೋಟಿ ಡಾಲರ್‌ವರೆಗೆ ಮೀಸಲಾಯಿತು. ಮಾಲೀಕರು ಒಬ್ಬೊಬ್ಬರಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಲಿಲ್ಲ. ಕಾರಿನ ನಂಬರು, ದಾಖಲೆ ಕೊಟ್ಟು ಅರ್ಜಿ ಹಾಕಿದರೆ ಸಾಕಿತ್ತು. ಹಗರಣ ಹೊರಬೀಳುವ ಮುಂಚಿನ ಬೆಲೆಗೆ ಕಾರನ್ನು ಕಂಪನಿಗೇ ಮಾರಬಹುದಿತ್ತು, ಇಲ್ಲವೇ ದುರಸ್ತಿ ಮಾಡಿಸಿ ಇಟ್ಟುಕೊಳ್ಳಬಹುದಿತ್ತು. ಎರಡರಲ್ಲಿ ಯಾವುದನ್ನು ಆರಿಸಿದರೂ, ಹಗರಣಕ್ಕೆ ಮೊದಲಿನಿಂದ ಕಾರು ಇಟ್ಟುಕೊಂಡಿದ್ದವರಿಗೆ ಮೇಲೆ ಕನಿಷ್ಠ 5,100 ಡಾಲರ್. ದಾವೆ ನಡೆಸಿದ ವಕೀಲರ ಶುಲ್ಕವನ್ನು ಕಂಪನಿ ಬೇರೆಯಾಗಿಯೇ ಕಟ್ಟಿತು. ಇಂಥ ದಾವೆಗಳು ವಕೀಲರ ಜೇಬು ತುಂಬಿಸಲಿಕ್ಕಷ್ಟೇ ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ಇಲ್ಲಿ ಏನಾಯಿತು? 2015ರ ಡಿಸೆಂಬರ್‌ನಲ್ಲಿ ಸುಮಾರು 3.23 ಲಕ್ಷ ಕಾರುಗಳ ರಿಕಾಲ್, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆಸಿಕೊಳ್ಳುವಿಕೆ, ಘೋಷಣೆಯಾಯಿತು. ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ನಡೆಸಿದ ಪರೀಕ್ಷೆಯಲ್ಲಿ ರಸ್ತೆಯ ಮೇಲಿನ ಹೊಗೆ ಆಗ ಜಾರಿಯಲ್ಲಿದ್ದ ಬಿಎಸ್-4 ಮಾಲಿನ್ಯ ಮಿತಿಯ 1.1ರಿಂದ 2.6 ಪಟ್ಟು ಇತ್ತು. ನಿಯಮದಲ್ಲಿ ರಸ್ತೆ ಪರೀಕ್ಷೆಯೇ ಇಲ್ಲ, ಹಾಗಾಗಿ ತಪ್ಪೂ ಇಲ್ಲ ಎಂದು ಕಂಪನಿ ವಾದಿಸಿತು. ಕಾರು ಕೊಂಡವರ ಮುಂದೆ ಈ ವಾದ ನಿಲ್ಲದು, ಅವರು ಕಾರು ಕೊಂಡದ್ದೇ ರಸ್ತೆಯಲ್ಲಿ ಓಡಿಸಲಿಕ್ಕೆ. ಹಸಿರು ನ್ಯಾಯಮಂಡಳಿ 2019ರ ಮಾರ್ಚ್‌ನಲ್ಲಿ 500 ಕೋಟಿ ರೂಪಾಯಿ ದಂಡ ಹಾಕಿತು. ಎರಡೇ ತಿಂಗಳಲ್ಲಿ, ಬಲವಂತದ ಕ್ರಮ ಬೇಡ ಎಂದು ಸುಪ್ರೀಂ ಕೋರ್ಟ್ ಹೇಳಿತು. ವಸೂಲಾದರೂ ಆ ಹಣ ಗಾಳಿಯ ಗುಣಮಟ್ಟ ಸುಧಾರಿಸಲಿಕ್ಕೇ ಹೊರತು ಮಾಲೀಕರಿಗಲ್ಲ.

ಕಾನೂನು ಇಲ್ಲವೆಂದೇನಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ, ಗ್ರಾಹಕ ಆಯೋಗದ ಅನುಮತಿ ಪಡೆದು ಒಬ್ಬ ಗ್ರಾಹಕನೂ ಎಲ್ಲರ ಪರವಾಗಿ ದೂರು ಕೊಡಬಹುದು. ಆದರೆ ದೊಡ್ಡ ಕಂಪನಿಯ ತಜ್ಞರ ಎದುರು ತಾಂತ್ರಿಕ ದೋಷವನ್ನು ಸಾಬೀತು ಮಾಡುವ ಖರ್ಚನ್ನು ಸಂಬಳದಲ್ಲಿ ಕಂತು ಕಟ್ಟುವವನು ಹೇಗೆ ಹೊರುತ್ತಾನೆ? ಅದಕ್ಕೆಂದೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವಿದೆ. ತಾನಾಗಿ ತನಿಖೆ ಮಾಡುವ, ಗ್ರಾಹಕರ ಪರ ದೂರು ಹೂಡುವ ಅಧಿಕಾರ ಅದಕ್ಕಿದೆ. ವಾಹನ ದೋಷದ ಪ್ರಕರಣಗಳಲ್ಲಿ ಅದು ಈ ಅಧಿಕಾರವನ್ನು ಚಲಾಯಿಸಲೇಬೇಕು.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಸೆಕ್ಷನ್ ಇನ್ನೊಂದು ದಾರಿ. ಸರ್ಕಾರ ರಿಕಾಲ್‌ಗೆ ಆದೇಶಿಸಿದರೆ ಕಂಪನಿ ಪೂರ್ತಿ ಬೆಲೆ ಹಿಂದಿರುಗಿಸಬೇಕು, ಬೇರೆ ವಾಹನ ಕೊಡಬೇಕು ಅಥವಾ ದುರಸ್ತಿ ಮಾಡಬೇಕು. ದುರಸ್ತಿಯ ದಾರಿ ತೆರೆದಿರುವಾಗ ಯಾವ ಕಂಪನಿ ಹಣ ಹಿಂದಿರುಗಿಸೀತು? ಆಯ್ಕೆ ಮಾಲೀಕರಿಗೆ ಸಿಗುವಂತೆ ಈ ಸೆಕ್ಷನ್ ತಿದ್ದಬೇಕು. ಪರಿಹಾರವನ್ನು ಅವರಿಗೆ ತಲುಪಿಸುವುದೂ ಕಷ್ಟವಲ್ಲ, ವಾಹನ ನೋಂದಣಿ ದಾಖಲೆಯಲ್ಲಿ ಅವರ ವಿಳಾಸವಿದೆ.

ನಿಮ್ಮ ಗಾಡಿಗೆ ರಿಕಾಲ್ ಪತ್ರ ಬಂದಿದ್ದರೆ ಅದನ್ನೂ ಸರ್ವಿಸ್ ಬಿಲ್ಲುಗಳನ್ನೂ ಎಸೆಯಬೇಡಿ. ಅದೇ ಮಾದರಿಯ ಗಾಡಿ ಇರುವವರನ್ನು ಸೇರಿಸಿಕೊಂಡು ಗ್ರಾಹಕ ಆಯೋಗಕ್ಕೆ ದೂರು ಕೊಡಿ. ಅದಕ್ಕೆ ಕಾನೂನು ಕೊಟ್ಟಿರುವ ಗಡುವು ಎರಡು ವರ್ಷ.