ಮೊದಲು ಬಾಲ ನೋಡ್ರಿ, ಬಣ್ಣ ಆಮೇಲೆ

ಸಂಕ್ರಾಂತಿಗೆ ಊರಿಗೆ ಹೊರಟಿದ್ದೀರಾ? ನಮ್ಮ ತೇರದಾಳದ ಕಡೆಯವರಾದರೆ ಒಂದು ಮುಂಜಾನೆ ಕಬ್ಬಿನ ಹೊಲಕ್ಕೆ ಹೋಗಿ ಸುಮ್ಮನೆ ನಿಲ್ಲಿ. ನಿಮಗಿಂತ ದೂರದಿಂದ ಬಂದ ಅತಿಥಿಯೊಂದು ಅಲ್ಲಿರಬಹುದು: ಬ್ಲೂಥ್ರೋಟ್.

ಹೆಸರೇ ಹೇಳುವಂತೆ ಗಂಡಿನ ಕೊರಳು ನೀಲಿ, ನಡುವೆ ಕೆಂಗಂದು ಬೊಟ್ಟು. ಕರೆಂಟ್ ತಂತಿ ಮೇಲೆ ರಾಜಾರೋಷವಾಗಿ ಕೂರುವ ನೀಲಕಂಠ ಬೇರೆ, ಇದು ಬೇರೆ. ಇದು ಗುಬ್ಬಿ ಗಾತ್ರದ್ದು. ಕಬ್ಬಿನ ಬುಡದಲ್ಲಿ, ಕಾಲುವೆ ಬದಿಯ ಜೊಂಡಿನಲ್ಲಿ ಇಲಿಮರಿಯಂತೆ ನುಸುಳುತ್ತಿರುತ್ತದೆ. ಸೈಬೀರಿಯಾ, ಮಧ್ಯ ಏಷ್ಯಾ, ನಮ್ಮ ಲಡಾಖ್‌ನಲ್ಲೂ ಮರಿ ಮಾಡುವ ಹಕ್ಕಿ. ಚಳಿಗಾಲಕ್ಕೆ ಮಾತ್ರ ಇತ್ತ ಬರುತ್ತದೆ. 1758ರಲ್ಲಿ ಲಿನೇಯಸ್ ಇದಕ್ಕಿಟ್ಟ ವೈಜ್ಞಾನಿಕ ಹೆಸರಿನಲ್ಲಿ ಸ್ವೀಡನ್ ದೇಶವೇ ಇದೆ.

ನೀಲಿ ಕೊರಳನ್ನೇ ಹುಡುಕುತ್ತ ಹೋದರೆ ಹಕ್ಕಿ ಕೈತಪ್ಪುತ್ತದೆ. ಚಳಿಗಾಲದಲ್ಲಿ ಗಂಡಿನ ನೀಲಿಯೂ ಅರೆಬರೆ, ಮಾರ್ಚ್ ಹೊತ್ತಿಗೆ ತುಂಬಿಕೊಳ್ಳುತ್ತದೆ. ಹೆಣ್ಣಿನ ಕೊರಳು ಸಾಮಾನ್ಯವಾಗಿ ಬಿಳಿ, ಅದರ ಸುತ್ತ ಕಪ್ಪು ಚುಕ್ಕೆಗಳ ಸರ. ಸಾಲದ್ದಕ್ಕೆ ನಮಗೆ ಕಾಣುವುದೇ ಅದರ ಮಣ್ಣುಬಣ್ಣದ ಬೆನ್ನು. ಹಾಗಾಗಿ ನಾನು ಮೊದಲು ಬಾಲ ನೋಡುತ್ತೇನೆ. ಬುಡದ ಎರಡೂ ಬದಿ ಇಟ್ಟಂಗಿ ಕೆಂಪು, ತುದಿ ಕಪ್ಪು. ಆಮೇಲೆ ಕಣ್ಣಿನ ಮೇಲೆ ವಿಭೂತಿ ಎಳೆದಂಥ ಬಿಳಿ ಹುಬ್ಬು. ನಾಲ್ಕು ಹೆಜ್ಜೆ ಓಡಿ, ನಿಂತು, ಬಾಲ ಎತ್ತಿ 'ಚಕ್' ಅಂದರೆ ಅನುಮಾನವೇ ಬೇಡ. ಇಂಡಿಯನ್ ರಾಬಿನ್ ಕೂಡ ಬಾಲ ಎತ್ತುತ್ತದೆ ನಿಜ. ಆದರೆ ಅದರ ಕೆಂಪು ಬಾಲದ ಕೆಳಗಷ್ಟೇ, ಬಿಳಿ ಹುಬ್ಬೂ ಇಲ್ಲ.

ಫೋಟೋ ಆಸೆಗೆ ಮೊಬೈಲ್‌ನಲ್ಲಿ ಅದರ ಹಾಡು ಹಚ್ಚಬೇಡಿ. ಹತ್ತು ನಿಮಿಷ ಅಲುಗಾಡದೆ ನಿಂತರೆ ತಾನೇ ಬದುವಿಗೆ ಬರುತ್ತದೆ. ಕಂಡ ದಿನ, ಜಾಗ ಇಬರ್ಡ್‌ನಲ್ಲಿ ದಾಖಲಿಸಿ.

ಇನ್ನೊಂದು ಮಾತು. ಈ ಹಕ್ಕಿ ನಮ್ಮಲ್ಲಿರುವ ತಿಂಗಳುಗಳೇ ಕಬ್ಬು ಕಟಾವಿನ ತಿಂಗಳುಗಳು. ಕಟಾವು ಮುಗಿದ ಮೇಲೆ ರವದಿಗೆ ಬೆಂಕಿ ಬೀಳುತ್ತದೆ. ಅದರ ಜೊತೆ ಹಕ್ಕಿಯ ಮರೆ, ಹುಳುಹುಪ್ಪಟೆ ಎರಡೂ ಹೋಗುತ್ತವೆ.

"ರವದಿ ಸುಡಬ್ಯಾಡ್ರಿ ಕಾಕಾ" ಅಂತ ಪಕ್ಕದ ಹೊಲದವರಿಗೆ ಹೇಳಿದೆ.

"ಸಾಲಿನ್ಯಾಗ ಹೊಂದಿಸಾಕ ಆಳು ಎಲ್ಲಿ ಸಿಗ್ತಾರ ತಮ್ಮಾ?" ಅಂದರು.

ಅವರ ಮಾತೂ ಸುಳ್ಳಲ್ಲ. ಕೊನೆಗೆ ಕಾಲುವೆ ಬದಿಯ ಜೊಂಡು, ಅದಕ್ಕೆ ಹತ್ತಿದ ನಾಲ್ಕು ಸಾಲು ಸುಡದೆ ಬಿಡಲು ಒಪ್ಪಿದರು. ಆ ನಾಲ್ಕು ಸಾಲಿಗೆ ಆಳಿನ ಖರ್ಚಿಲ್ಲ, ಹಕ್ಕಿಗೆ ಏಪ್ರಿಲ್‌ವರೆಗೆ ಮರೆ ಸಿಗುತ್ತದೆ. ಹಬ್ಬಕ್ಕೆ ಹೋದಾಗ ನಿಮ್ಮ ಮನೆಯಲ್ಲೂ ಇಷ್ಟು ಕೇಳಿ ನೋಡಿ.