ನೀರು ನಡೆದ ದಾರಿ

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ ಸೀಮೆಯವರಿಗೆ ಕಾವೇರಿಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಹೊಳೆಯ ಮೇಲ್ಭಾಗಕ್ಕೆ ಹೋದರೆ ತಲಕಾಡಿನ ಮರಳುದಿಬ್ಬಗಳು. ಕೆಳಭಾಗಕ್ಕೆ ಇಳಿದರೆ ಶಿವನಸಮುದ್ರದ ಜಲಪಾತಗಳು. ಎರಡನ್ನೂ ಒಂದೇ ದಿನದಲ್ಲಿ ನೋಡಿಕೊಂಡು ಸಂಜೆಗೆ ಮನೆ ಸೇರಬಹುದು. ಆದರೆ ಹೊಳೆ ಹತ್ತಿರದಲ್ಲಿದ್ದ ಮಾತ್ರಕ್ಕೆ ಹೊಲಕ್ಕೆ ನೀರು ಬರುವುದಿಲ್ಲ. ನದಿ ತನ್ನ ಪಾತ್ರವನ್ನು ತಗ್ಗಿನಲ್ಲಿ ಕೊರೆದುಕೊಂಡಿದೆ. ಹೊಲಗಳು ಎತ್ತರದಲ್ಲಿ ಉಳಿದಿವೆ. ಕಾವೇರಿಯ ನೀರನ್ನು ಯಂತ್ರಗಳಿಂದ ಮೇಲೆತ್ತಿ ಬೆಳೆಯ ಬುಡಕ್ಕೆ ಹನಿಸುವ ಯೋಜನೆಯೊಂದು ಪೂರಿಗಾಲಿಯ ಹೆಸರಿನಲ್ಲಿಯೇ ರೂಪುಗೊಂಡದ್ದು ಈ ಕಾರಣದಿಂದ. ನೆಲದ ಏರುತಗ್ಗು ರೈತನ ಬಾಳಿನ ಏರುತಗ್ಗನ್ನೂ ನಿರ್ಧರಿಸುತ್ತದೆ. ಈ ಏರುತಗ್ಗುಗಳನ್ನು ಮಾಡಿದವರಾರು ಎಂದು ಕೇಳಿದರೆ, ಬಹುಮಟ್ಟಿಗೆ ನೀರೇ ಎಂದು ಉತ್ತರಿಸಬೇಕಾಗುತ್ತದೆ. ನೀರು ನೆಲವನ್ನು ತಿದ್ದುವ ಬಗೆಯನ್ನೂ, ಅದರಿಂದ ಗೃಹಸ್ಥರಾದ ನಾವು ಕಲಿಯಬೇಕಾದ ವಿವೇಕವನ್ನೂ ಈ ತಿಂಗಳು ಆಲೋಚಿಸೋಣ.

ಶಿವನಸಮುದ್ರವನ್ನು ನೋಡಲು ಜನರು ಹೋಗುವುದು ಮಳೆಗಾಲದಲ್ಲಿ. ಆದರೆ ನದಿಯ ಕೈಕೆಲಸವನ್ನು ನೋಡಬೇಕಾದವರು ಬೇಸಿಗೆಯಲ್ಲಿಯೂ ಒಮ್ಮೆ ಹೋಗಬೇಕು. 1902ರಲ್ಲಿ ಇಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ನೀರು ಇಳಿದ ದಿನಗಳಲ್ಲಿ ಗಗನಚುಕ್ಕಿ, ಭರಚುಕ್ಕಿಗಳ ಬಂಡೆಗಳು ಬಯಲಿಗೆ ಬರುತ್ತವೆ. ಈ ಶಿಲೆಯ ವಯಸ್ಸನ್ನು ಭೂವಿಜ್ಞಾನಿಗಳು 250 ಕೋಟಿ ವರ್ಷಗಳಿಗೂ ಮೇಲೆಂದು ಎಣಿಸುತ್ತಾರೆ. ಅಂತಹ ಗಟ್ಟಿ ಕಲ್ಲಿನ ಮೇಲೆ ನಮ್ಮ ಅಡುಗೆಮನೆಯ ಒರಳಿನಂತಹ ದುಂಡನೆಯ ಗುಳಿಗಳನ್ನು ಕಾಣಬಹುದು. ಅವನ್ನು ಯಾವ ಕಲ್ಲುಕುಟಿಗನೂ ಕಡೆದದ್ದಲ್ಲ. ರಭಸದ ನೀರು ಬಂಡೆಯ ಸಣ್ಣ ತಗ್ಗಿನಲ್ಲಿ ಸುಳಿಯಾಗಿ ಸುತ್ತುತ್ತದೆ. ಅದರೊಡನೆ ಸಿಕ್ಕಿಬಿದ್ದ ಬೆಣಚುಕಲ್ಲುಗಳೂ ಮರಳೂ ಸುತ್ತುತ್ತವೆ. ಗುಂಡು ತಿರುಗಿದಂತೆ ಒರಳು ಸವೆಯುತ್ತದೆ. ತೀರ ಕೆಳಗಿನ ಮೇಕೆದಾಟಿನಲ್ಲಿಯೂ ಇದೇ ಕೆಲಸ ಇನ್ನಷ್ಟು ಸೊಗಸಾಗಿ ನಡೆದಿದೆ. ಸಾವಿರಾರು ಮಳೆಗಾಲಗಳ ತಾಳ್ಮೆ ಅಲ್ಲಿ ಕಲ್ಲಾಗಿ ಕುಳಿತಿದೆ.

ತಲಕಾಡಿನದು ಬೇರೊಂದು ಬಗೆ. ಅಲ್ಲಿ ನದಿ ತಂದು ಹಾಕಿದ ಮರಳನ್ನು ಗಾಳಿ ಎತ್ತಿ ಊರಿನ ಮೇಲೆ ಸುರಿಯಿತು. ಹದಿನಾಲ್ಕನೆಯ ಶತಮಾನದಲ್ಲಿ ಮಾಧವಮಂತ್ರಿ ಕಟ್ಟಿಸಿದ ಅಣೆಕಟ್ಟಿನಿಂದ ಹೊಳೆಯ ಹರಿವು ತಗ್ಗಿ, ಮರಳಿನ ಹಾಸು ಗಾಳಿಗೆ ತೆರೆದುಕೊಂಡದ್ದು ಇದಕ್ಕೊಂದು ಮುಖ್ಯ ಕಾರಣವೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಒಳ್ಳೆಯ ಉದ್ದೇಶದಿಂದ ಕಟ್ಟಿದ ಕಟ್ಟೆಯೂ ನೀರಿನ ನಡೆಯನ್ನು ಬದಲಿಸಿದರೆ, ಫಲವು ಎಲ್ಲಿಯೋ ಒಂದೆಡೆ ಕಾಣಿಸಿಕೊಳ್ಳುತ್ತದೆ.

ಹಿಮದ ಕಟ್ಟೆ ಒಡೆದಾಗ

ನಮ್ಮ ಹೊಳೆ ತಾಳ್ಮೆಯ ಶಿಲ್ಪಿ. ಆದರೆ ಸಾವಿರಾರು ವರ್ಷಗಳ ಕೆಲಸವನ್ನು ನೀರು ಕೆಲವೇ ದಿನಗಳಲ್ಲಿ ಮುಗಿಸಿದ ನಾಡೂ ಭೂಮಿಯ ಮೇಲಿದೆ. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ಪೂರ್ವಭಾಗದಲ್ಲಿ ಬಹುದೂರದವರೆಗೂ ಬರಿಯ ಕಪ್ಪು ಬಂಡೆಯ ಕಂದರಗಳು ಹಬ್ಬಿವೆ. ಮೇಲಿನ ಮಣ್ಣು ಕಿತ್ತುಹೋಗಿದೆ. ಅಲ್ಲೊಂದು ಒಣ ಜಲಪಾತವಿದೆ: ಸುಮಾರು 120 ಮೀಟರು ಎತ್ತರ, ಐದೂವರೆ ಕಿಲೋಮೀಟರು ಅಗಲ. ಮೇಲಿನಿಂದ ಬೀಳುವ ನೀರು ಮಾತ್ರ ಹನಿಯೂ ಇಲ್ಲ. ಗಗನಚುಕ್ಕಿಯಂತಹ ಹತ್ತಾರು ಧಾರೆಗಳನ್ನು ಸಾಲಾಗಿ ನಿಲ್ಲಿಸಿದರೂ ಆ ಅಗಲ ತುಂಬಲಾರದು.

ಅಲ್ಲಿ ನಡೆದದ್ದಿಷ್ಟು. ಸುಮಾರು 15,000 ವರ್ಷಗಳ ಹಿಂದೆ, ಹಿಮಯುಗದ ಕೊನೆಗಾಲದಲ್ಲಿ, ಉತ್ತರದಿಂದ ಇಳಿದ ಹಿಮದ ನಾಲಿಗೆಯೊಂದು ಒಂದು ನದಿಯ ಕಣಿವೆಗೆ ಅಡ್ಡಲಾಗಿ ಕಟ್ಟೆಯಂತೆ ನಿಂತಿತು. ಹಿಂದೆ ನಿಂತ ನೀರು ಮಿಸೌಲ ಎಂಬ ಮಹಾಸರೋವರವಾಯಿತು. ಕಟ್ಟೆಯ ಬಳಿ ಅದರ ಆಳ 600 ಮೀಟರಿನಷ್ಟಿತ್ತು. ನೀರಿನ ಲೋಟದಲ್ಲಿ ಹಿಮದ ತುಂಡು ತೇಲುವುದನ್ನು ಮಕ್ಕಳೂ ನೋಡಿದ್ದಾರೆ. ಹಿಮದ ಕಟ್ಟೆಗೂ ಅದೇ ನಿಯಮ. ನೀರು ಕಟ್ಟೆಯ ಎತ್ತರದ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಏರಿದಾಗ ಅದರ ಬುಡ ನೆಲದಿಂದ ಮೇಲೇಳಲು ತೊಡಗುತ್ತದೆ. ಅಡಿಯಲ್ಲಿ ನೀರು ನುಗ್ಗುತ್ತದೆ. ಬಳಿಕ ಕಟ್ಟೆ ಉಳಿಯುವುದಿಲ್ಲ. ಇಡೀ ಸರೋವರ ಕೆಲವೇ ದಿನಗಳಲ್ಲಿ ಬರಿದಾಯಿತು. ಹಿಮ ಮತ್ತೆ ಕಟ್ಟೆ ಕಟ್ಟಿತು, ಮತ್ತೆ ಒಡೆಯಿತು. ಹೀಗೆ ಹತ್ತಾರು ಬಾರಿ ನಡೆಯಿತೆಂದು ಈಗ ತಿಳಿದಿದೆ.

ಇದನ್ನು ಲೋಕಕ್ಕೆ ತಿಳಿಸಿದ ವಿದ್ವಾಂಸ ಜೆ. ಹಾರ್ಲೆನ್ ಬ್ರೆಟ್ಸ್. ಹಿಂದೆ ಶಾಲಾ ಉಪಾಧ್ಯಾಯರಾಗಿದ್ದ ಇವರು ಆ ಬರಡು ನೆಲವನ್ನು ಕಾಲ್ನಡಿಗೆಯಲ್ಲಿ ಸುತ್ತಿ, 1923ರಲ್ಲಿ ಇದು ಮಹಾಪ್ರವಾಹದ ಕೆಲಸವೆಂದು ಬರೆದರು. ಪ್ರಕೃತಿಯಲ್ಲಿ ಎಲ್ಲವೂ ನಿಧಾನವಾಗಿಯೇ ನಡೆಯುತ್ತದೆಂದು ನಂಬಿದ್ದ ಹಿರಿಯ ವಿದ್ವಾಂಸರಿಗೆ ಅದು ಒಪ್ಪಿಗೆಯಾಗಲಿಲ್ಲ. 1927ರಲ್ಲಿ ಸಭೆ ಸೇರಿ ಅವರ ವಾದವನ್ನು ತಳ್ಳಿಹಾಕಿದರು. ತಳ್ಳಿಹಾಕಿದವರಲ್ಲಿ ಅನೇಕರು ಆ ನೆಲವನ್ನು ಕಣ್ಣಾರೆ ಕಂಡವರೇ ಅಲ್ಲ. ಅಷ್ಟೊಂದು ನೀರು ಎಲ್ಲಿಂದ ಬಂತೆಂಬ ಪ್ರಶ್ನೆಗೆ ಜೋಸೆಫ್ ಪಾರ್ಡಿ ಎಂಬವರು ಮಿಸೌಲ ಸರೋವರದ ಕುರುಹುಗಳಿಂದ ಉತ್ತರ ಒದಗಿಸಿದರು. ಹೊಳೆಯ ಮರಳಿನ ಮೇಲೆ ನೀರು ಎಳೆಯುವ ಸಣ್ಣ ಅಲೆಗೆರೆಗಳನ್ನು ನಾವು ಕಂಡಿದ್ದೇವೆ. ಅಲ್ಲಿ ಅಂತಹವೇ ಗೆರೆಗಳು ಮನೆಯಷ್ಟು ಎತ್ತರದ ದಿಬ್ಬಗಳಾಗಿ ನಿಂತಿವೆ. 1979ರಲ್ಲಿ ಭೂವಿಜ್ಞಾನದ ಅತ್ಯುನ್ನತ ಗೌರವಗಳಲ್ಲಿ ಒಂದಾದ ಪೆನ್ರೋಸ್ ಪದಕ ಬ್ರೆಟ್ಸರಿಗೆ ಸಂದಾಗ ಅವರಿಗೆ 96 ವರ್ಷ. ಪರಂಪರೆಯಿಂದ ಬಂದ ಮಾತಿಗಿಂತ ಸ್ವಂತ ಅನುಭವಕ್ಕೆ ಬೆಲೆಕೊಟ್ಟ ಶರಣರ ನಾಡಿನವರಾದ ನಮಗೆ ಈ ವೃತ್ತಾಂತ ಅಪರಿಚಿತವೆನಿಸದು.

ಕೇದಾರದ ಪಾಠ

ಇದು ಎಲ್ಲಿಯದೋ, ಎಂದಿನದೋ ಕಥೆಯೆಂದು ಸುಮ್ಮನಾಗುವಂತಿಲ್ಲ. ಹಿಮಾಲಯದ ಕೇದಾರಕ್ಕೂ ನಮ್ಮ ನಾಡಿಗೂ ಹಳೆಯ ನಂಟಿದೆ. ಅಲ್ಲಿಯ ರಾವಲರು ಕರ್ನಾಟಕ ಮೂಲದ ವೀರಶೈವ ಜಂಗಮ ಪರಂಪರೆಗೆ ಸೇರಿದವರು. ಚಳಿಗಾಲದಲ್ಲಿ ಪೂಜೆ ನಡೆಯುವುದು ಊಖೀಮಠದಲ್ಲಿ. ನಮ್ಮ ಎಷ್ಟೋ ಮನೆಗಳ ಹಿರಿಯರು ಕೇದಾರಯಾತ್ರೆಯನ್ನು ಮಾಡಿ ಬಂದವರೇ.

ಸುಮಾರು 3,580 ಮೀಟರು ಎತ್ತರದಲ್ಲಿರುವ ಆ ಕ್ಷೇತ್ರದ ನೆಲವೇ ಹಿಮನದಿಯ ಕೊಡುಗೆ. ಹಿಮನದಿ ಎಂದರೆ ಗಟ್ಟಿಯಾದ ಹಿಮದ ರಾಶಿ ತನ್ನ ಭಾರಕ್ಕೆ ತಾನೇ ಮೆಲ್ಲನೆ ಜಾರುವುದು. ಅದು ಹಿಂದೆ ಸರಿಯುವಾಗ ಹೊತ್ತುತಂದ ಕಲ್ಲುಮಣ್ಣನ್ನು ದಿಬ್ಬಗಳಾಗಿ ಬಿಟ್ಟುಹೋಗುತ್ತದೆ. ಕೇದಾರದ ಊರು ಇಂತಹ ಕಲ್ಲುಮಣ್ಣಿನ ಮೇಲೆ, ಮಂದಾಕಿನಿ ಮತ್ತು ಸರಸ್ವತಿ ಎಂಬ ಎರಡು ಹೊಳೆಗಳ ನಡುವೆ ನಿಂತಿದೆ. ಮೇಲ್ಗಡೆ ಚೋರಾಬಾರಿ ಹಿಮನದಿಯ ಮಗ್ಗುಲಿನಲ್ಲಿ ಇದೇ ಬಗೆಯ ಸಡಿಲ ದಿಬ್ಬದ ಒಡ್ಡಿನ ಹಿಂದೆ ಒಂದು ಸರೋವರವಿತ್ತು. 2013ರ ಜೂನ್ 15 ಮತ್ತು 16ರಂದು ಅಕಾಲದ ಭಾರಿ ಮಳೆ ಸುರಿಯಿತು. ಹಿಮ ಕರಗಿದ ನೀರೂ ಕೂಡಿಕೊಂಡಿತು. 17ರ ಬೆಳಿಗ್ಗೆ ಒಡ್ಡು ಒಡೆಯಿತು. ಸರೋವರ ಬರಿದಾಗಲು ಹತ್ತು ನಿಮಿಷವೂ ಹಿಡಿಯಲಿಲ್ಲವೆಂದು ಪರಿಶೀಲಿಸಿದವರು ಅಂದಾಜು ಮಾಡಿದ್ದಾರೆ. ಆ ದಿನಗಳ ಪ್ರಕೋಪದಲ್ಲಿ ಉತ್ತರಾಖಂಡದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರು ಮಡಿದರು, ಇಲ್ಲವೆ ಕಣ್ಮರೆಯಾದರು.

ದೇವಾಲಯ ಉಳಿಯಿತು. ಹಿಂಬದಿಗೆ ಉರುಳಿಬಂದು ನಿಂತ ದೊಡ್ಡ ಬಂಡೆಯೊಂದು ಪ್ರವಾಹವನ್ನು ಎರಡಾಗಿ ಸೀಳಿತು. ಭಕ್ತರು ಅದನ್ನು ಭೀಮಶಿಲೆಯೆಂದು ಕರೆಯುತ್ತಾರೆ. ಇದನ್ನು ದೈವಕೃಪೆಯೆಂದು ನಂಬುವವರ ನಂಬಿಕೆಯನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಅದರೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಲೇಬೇಕು. ಹೊಳೆಗಳು ಬಿಟ್ಟುಹೋದಂತೆ ತೋರುತ್ತಿದ್ದ ಹಳೆಯ ಪಾತ್ರಗಳವರೆಗೂ ವಸತಿಗೃಹಗಳನ್ನೂ ಅಂಗಡಿಗಳನ್ನೂ ಕಟ್ಟಿದವರು ಯಾರು? ಗುಡಿ ಕಟ್ಟಿದ ಪ್ರಾಚೀನರು ಗಟ್ಟಿ ಕಲ್ಲನ್ನು ಆರಿಸಿದರು. ಸುತ್ತಲೂ ನೆರೆದ ನಾವು ನೀರಿನ ದಾರಿಯನ್ನು ಮರೆತೆವು. ಪ್ರಾಣ ತೆತ್ತವರಲ್ಲಿ ಬಹುಮಂದಿ ಭಕ್ತಿಯಿಂದ ಬಂದ ನಿರಪರಾಧಿಗಳು. ಇಂತಹ ದುರಂತ ಅಲ್ಲಿಗೆ ಮುಗಿಯಲಿಲ್ಲ. 2023ರ ಅಕ್ಟೋಬರಿನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೋನಕ್ ಸರೋವರ ಉಕ್ಕಿ ಹರಿದಾಗ ತೀಸ್ತಾ ನದಿಗೆ ಚುಂಗ್‌ಥಾಂಗ್‌ನಲ್ಲಿ ಕಟ್ಟಿದ್ದ ಅಣೆಕಟ್ಟೇ ಕೊಚ್ಚಿಹೋಯಿತು. ಭೂಮಿಯ ಬಿಸಿ ಏರಿದಂತೆ ಹಿಮನದಿಗಳು ಹಿಂಜರಿದು, ಇಂತಹ ಸರೋವರಗಳು ಹಿಗ್ಗುತ್ತಿವೆ.

ನಮ್ಮ ಹೊಸ್ತಿಲಿನ ಬಳಿ

ಕಾವೇರಿಗೆ ಹಿಮದ ಭಯವಿಲ್ಲ. ಆಕೆ ಮಳೆಯ ಮಗಳು. ಆದರೆ ಹಳೆಯ ದಾರಿಯನ್ನು ಮರೆಯದ ಗುಣ ಎಲ್ಲ ನೀರಿಗೂ ಒಂದೇ. 1924ರ ಜುಲೈ ತಿಂಗಳ ಮಹಾಪ್ರವಾಹದ ಮಾತು ಹೊಳೆಸಾಲಿನ ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿತ್ತು. ಅನಂತರ ಕನ್ನಂಬಾಡಿಯ ಕಟ್ಟೆ ಬಂತು. ಕಬಿನಿಯ ಕಟ್ಟೆ ಬಂತು. ಪ್ರವಾಹದ ನೆನಪು ಮಾಸಿತು. ನೆನಪು ಮಾಸಿದ ಜಾಗದಲ್ಲಿ ಮನೆಗಳು ಎದ್ದವು. 2018 ಮತ್ತು 2019ರಲ್ಲಿ ಎರಡೂ ಜಲಾಶಯಗಳು ತುಂಬಿ ನೀರನ್ನು ಹೊರಬಿಟ್ಟಾಗ ಎದುರು ದಡದ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು ಮೊದಲಾದ ಊರುಗಳಿಗೆ ನೀರು ನುಗ್ಗಿತು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಿದ ಶಿವನಸಮುದ್ರದ ಹಳೆಯ ಕಲ್ಲುಸೇತುವೆಯ ಒಂದು ಭಾಗವೂ 2018ರ ಪ್ರವಾಹಕ್ಕೆ ಬಲಿಯಾಯಿತು. ಕಟ್ಟೆಯು ಸಾಮಾನ್ಯ ವರ್ಷದ ನೀರನ್ನು ಹಿಡಿದಿಡುತ್ತದೆ. ಅಸಾಮಾನ್ಯ ವರ್ಷದ ನೀರಿಗೆ ದಾರಿ ಬಿಡಲೇಬೇಕಾಗುತ್ತದೆ.

ಹಾಗಾದರೆ ಸಾಮಾನ್ಯ ಕುಟುಂಬವೊಂದು ಮಾಡಬಹುದಾದದ್ದೇನು? ಮೊದಲನೆಯದಾಗಿ, ನಿವೇಶನ ಕೊಳ್ಳುವಾಗ ವಾಸ್ತುವನ್ನು ವಿಚಾರಿಸುವಷ್ಟೇ ಶ್ರದ್ಧೆಯಿಂದ ನೀರಿನ ದಾರಿಯನ್ನೂ ವಿಚಾರಿಸಬೇಕು. ಆ ಜಾಗ ಹಿಂದೆ ಕೆರೆಯಂಗಳವಾಗಿತ್ತೇ, ಹಳ್ಳದ ಪಾತ್ರವಾಗಿತ್ತೇ, ಕೆರೆಯಿಂದ ಕೆರೆಗೆ ನೀರೊಯ್ಯುವ ಕಾಲುವೆಯಾಗಿತ್ತೇ ಎಂದು ಗ್ರಾಮನಕ್ಷೆಯನ್ನೂ ಊರ ವೃದ್ಧರನ್ನೂ ಕೇಳಬೇಕು. ಅಗ್ಗದ ಬೆಲೆಗೆ ಸಿಕ್ಕಿತೆಂದು ಹಿಗ್ಗಿದ ಎಷ್ಟೋ ಮನೆಗಳು ಒಂದೇ ಮಳೆಗೆ ಸಾಲದ ಹೊರೆಯನ್ನು ಮಾತ್ರ ಉಳಿಸಿವೆ. ಎರಡನೆಯದಾಗಿ, ಹೊಲದ ಬದಿಯ ಹಳ್ಳವನ್ನು ಒತ್ತಿ ಎರಡು ಸಾಲು ಹೆಚ್ಚು ಬೆಳೆಯುವ ಆಸೆಯನ್ನು ಬಿಡಬೇಕು. ನಾವು ಮುಚ್ಚಿದ ಹಳ್ಳ ನೆರೆಯವರ ಅಂಗಳದಲ್ಲಿ ತೆರೆದುಕೊಳ್ಳುತ್ತದೆ. ಕಾಯಕ, ದಾಸೋಹಗಳ ಮಾತನಾಡುವ ನಮಗೆ ಅನ್ಯರ ಕಷ್ಟಕ್ಕೆ ಕಾರಣವಾಗುವ ದುಡಿಮೆ ಕಾಯಕವಾಗದೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಮೂರನೆಯದು ತಾಯ್ತಂದೆಯರಿಗೆ. ಮಕ್ಕಳನ್ನು ಭರಚುಕ್ಕಿಗೆ, ತಲಕಾಡಿಗೆ, ಮುತ್ತತ್ತಿಗೆ ಅವಶ್ಯವಾಗಿ ಕರೆದೊಯ್ಯಿರಿ. ಆದರೆ ಹೊಳೆಗೆ ಇಳಿಸಬೇಡಿ. ಒರಳಿನಂತಹ ಆ ಗುಳಿಗಳು ನೀರು ತುಂಬಿದಾಗ ಕಣ್ಣಿಗೆ ಕಾಣುವುದಿಲ್ಲ. ಮೊಣಕಾಲಿನಷ್ಟು ನೀರಿನಿಂದ ಮುಂದಿನ ಹೆಜ್ಜೆಗೆ ಆಳುದ್ದ ಮುಳುಗುವುದುಂಟು. ನೀವು ನಿಂತಲ್ಲಿ ಬಿಸಿಲಿದ್ದರೂ, ಕೊಡಗಿನಲ್ಲಿಯೋ ವಯನಾಡಿನಲ್ಲಿಯೋ ಸುರಿದ ಮಳೆಯಿಂದ ಕಟ್ಟೆಗಳು ತುಂಬಿ, ಹೊರಬಿಟ್ಟ ನೀರು ಇಲ್ಲಿ ಹಠಾತ್ತನೆ ಏರಬಹುದು. ಪ್ರತಿವರ್ಷ ಇಂತಹ ಹೊಳೆಗಳ ದಂಡೆಯಲ್ಲಿ ಎಷ್ಟೋ ಮನೆಗಳ ಎಳೆಯ ದೀಪಗಳು ನಂದಿಹೋಗುತ್ತಿವೆ. ದಡದ ಬಂಡೆಯ ಮೇಲೆ ಕುಳಿತು, ಈ ಗುಳಿ ಹೇಗಾಯಿತು, ಈ ಮರಳು ಎಲ್ಲಿಂದ ಬಂತು, ಹೋದ ಪ್ರವಾಹದ ಗುರುತು ಎಷ್ಟು ಎತ್ತರದಲ್ಲಿದೆ ಎಂದು ಮಕ್ಕಳನ್ನು ಕೇಳಿರಿ. ಪಠ್ಯಪುಸ್ತಕ ಒಂದು ವರ್ಷದಲ್ಲಿ ಕಲಿಸುವುದನ್ನು ಆ ಒಂದು ಗಳಿಗೆ ಕಲಿಸೀತು.

ನೀರಿಗೆ ಹಗೆಯೂ ಇಲ್ಲ, ಕರುಣೆಯೂ ಇಲ್ಲ, ಇರುವುದು ದಾರಿಯೊಂದೇ. ಆ ದಾರಿಯನ್ನು ಅದು ಕಲ್ಲಿನಲ್ಲಿ, ಮರಳಿನಲ್ಲಿ, ಮಣ್ಣಿನ ಪದರಗಳಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಟ್ಟಿದೆ. ಮಿಸೌಲದ ಬರಹವನ್ನು ಓದಿ ಒಪ್ಪಿಕೊಳ್ಳಲು ವಿದ್ವಾಂಸರಿಗೇ ಅರ್ಧ ಶತಮಾನ ಹಿಡಿಯಿತು. ಕೇದಾರದ ಬರಹವನ್ನು ಓದದೆ ಹೋದದ್ದಕ್ಕೆ ತೆತ್ತ ಬೆಲೆಯನ್ನು ನಾವೇ ಕಂಡೆವು. ನಮ್ಮ ಕಾವೇರಿಯ ಬರಹ ನಮ್ಮ ಹೊಲದ ಅಂಚಿನಲ್ಲಿಯೇ ಇದೆ. ಈ ಬೇಸಿಗೆಯಲ್ಲಿ ಹೊಳೆ ತಗ್ಗಿದಾಗ, ಮನೆಮಂದಿಯೆಲ್ಲ ಕೂಡಿ ದಡದಲ್ಲಿ ನಿಂತು ಅದನ್ನೊಮ್ಮೆ ಓದಿರಿ. ಮುಂದೆ ಮನೆಗೆ ಅಡಿಗಲ್ಲು ಇಡುವಾಗ ಆ ಓದು ನಿಮ್ಮನ್ನು ಕಾಯುತ್ತದೆ.