ಪರದೆಯ ಮೇಲಿನ ಗಣಿ, ಊರ ಹಿಂದಿನ ಗಣಿ

ಭಾರಿ ವೆಚ್ಚದ ಚಲನಚಿತ್ರಗಳ ಬಗ್ಗೆ ಇತ್ತೀಚಿನ ವರ್ಷಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತಿದೆ: ಕಣ್ಣಿಗೆ ಹಬ್ಬ, ಕಥೆ ಮಾತ್ರ ಹಳಸಲು. ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಕಥೆ ಹಳೆಯದೆಂಬುದೇ ತಪ್ಪಾಗಿದ್ದರೆ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಜನ ತಲೆಮಾರುಗಳಿಂದ ಅದೇ 'ಕುರುಕ್ಷೇತ್ರ'ವನ್ನು ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ಕುಳಿತು ನೋಡುತ್ತಿರಲಿಲ್ಲ.

ಈ ಸೀಮೆಯ ಹಳ್ಳಿ ನಾಟಕವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಸೀನರಿ, ಕಿರೀಟ, ಗದೆಗಳು ಬಾಡಿಗೆಗೆ ಬರುತ್ತವೆ. ದುರ್ಯೋಧನ ಕೊನೆಗೆ ಬೀಳುತ್ತಾನೆಂಬುದು ಮುಂದಿನ ಸಾಲಿನಲ್ಲಿ ನಿದ್ದೆ ತೂಗುವ ಮಗುವಿಗೂ ಗೊತ್ತು. ಮೂಡಲಪಾಯದ 'ಕರಿಭಂಟನ ಕಾಳಗ'ವೂ ಹೀಗೆಯೇ. ವೈಭವಕ್ಕೂ ಇಲ್ಲಿ ಬರವಿರಲಿಲ್ಲ. ನೆರೆಯ ಗುಬ್ಬಿಯ ವೀರಣ್ಣನವರು 1934ರ ತಮ್ಮ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿದ್ದರು. ಅಂದಿನ ಮಟ್ಟಿಗೆ ಅದಕ್ಕಿಂತ ದೊಡ್ಡ ದೃಶ್ಯ ಚಮತ್ಕಾರ ಬೇರೇನಿದ್ದೀತು? ಆದರೆ ಆನೆ ತನ್ನ ದೃಶ್ಯ ಮುಗಿಸಿ ಒಳಗೆ ಹೋದ ಮೇಲೂ ನಾಟಕ ಉಳಿದಿರುತ್ತಿತ್ತು. ಕರ್ಣನ ಸಂಕಟಕ್ಕೆ ಆನೆಯ ಆಸರೆ ಬೇಕಾಗಿರಲಿಲ್ಲ.

ಆದ್ದರಿಂದ ಕಥೆ ಹಳೆಯದೋ ಹೊಸದೋ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ತೆರೆಯ ಮೇಲೆ ಅಷ್ಟೊಂದು ಖರ್ಚಿನಿಂದ ಕಟ್ಟಿದ ನೆಲಕ್ಕೂ ಅಲ್ಲಿ ನಡೆಯುವ ಕಥೆಗೂ ಏನಾದರೂ ಸಂಬಂಧವಿದೆಯೇ? ಬೆಟ್ಟವನ್ನು ತೆಗೆದು ಅಲ್ಲೊಂದು ಬಂದರನ್ನಿಟ್ಟರೂ ಕಥೆ ಹಾಗೆಯೇ ಸಾಗುವುದಾದರೆ, ಆ ಬೆಟ್ಟ ಬಾಡಿಗೆಯ ಸೀನರಿಗಿಂತ ಹೆಚ್ಚಿನದಲ್ಲ.

ಕನ್ನಡದ ಮಟ್ಟಿಗೆ ಇದಕ್ಕೆ ಹತ್ತಿರದ ಉದಾಹರಣೆ 'ಕೆ.ಜಿ.ಎಫ್.' 2018ರಲ್ಲಿ ತೆರೆಕಂಡ ಮೊದಲ ಭಾಗಕ್ಕೆ ದೃಶ್ಯ ಪರಿಣಾಮಗಳಿಗಾಗಿ ರಾಷ್ಟ್ರಪ್ರಶಸ್ತಿ ಬಂದಿತು. ಅದು ಅರ್ಹ ಪ್ರಶಸ್ತಿಯೇ. ಕನ್ನಡದ ತಂತ್ರಜ್ಞರು ಯಾರಿಗೂ ಕಡಿಮೆಯಲ್ಲವೆಂದು ಆ ಚಿತ್ರ ತೋರಿಸಿತು. ದೂಳು, ಬೆಂಕಿ, ಪಾತಾಳದಂಥ ಕುಳಿಗಳನ್ನು ಮರೆಯುವುದು ಕಷ್ಟ. ಕಥೆಯಾದರೋ, ತಾಯಿಗೆ ಮಾತು ಕೊಟ್ಟ ಬಡ ಹುಡುಗ ದೊರೆಯಾಗುವ ಹಳೆಯ ಕಥೆ. ಇರಲಿ. ಆದರೆ 2022ರ ಎರಡನೆಯ ಭಾಗದಲ್ಲಿ ನಾಯಕನು ಗಣಿಯನ್ನು ವಶಪಡಿಸಿಕೊಂಡ ಮೇಲೆ ಆಗುವುದೇನು? ಧಣಿ ಬದಲಾಗುತ್ತಾನೆ, ಗಣಿಗಾರಿಕೆ ನಿಲ್ಲುವುದಿಲ್ಲ. ಜೀತದಿಂದ ಬಿಡುಗಡೆಯಾದವರು ಹೊಸ ಧಣಿಗಾಗಿ ಇನ್ನಷ್ಟು ಹುರುಪಿನಿಂದ ಅಗೆಯುತ್ತಾರೆ. ಚಿತ್ರಮಂದಿರದಲ್ಲಿ ಶಿಳ್ಳೆ ಬೀಳುವುದು ಆಗಲೇ! ಮುಂದೆ ಅದೇ ಮಸಿ ಬಣ್ಣದ ಲೋಕವನ್ನು 2023ರ 'ಕಬ್ಜ'ದಂಥ ಚಿತ್ರಗಳು ಮತ್ತೆ ಕಟ್ಟಿದವು. ನಕಲಿನ ನಕಲಿನ ಬಗ್ಗೆ ಹೆಚ್ಚು ಹೇಳುವುದು ವ್ಯರ್ಥ.

ಕಟ್ಟುಕಥೆಗೆ ಚರಿತ್ರೆಯ ಹಂಗಿಲ್ಲ ಎಂಬ ವಾದವನ್ನು ಒಪ್ಪೋಣ. ಆದರೂ ಪರದೆಗೆ ಹೆಸರು ಕೊಟ್ಟ ಆ ಊರಿನಲ್ಲಿ ಕಥೆಗಳಿಗೆ ಕೊರತೆಯಿತ್ತೇ? 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರು ಕಲ್ಲಿನ ದೂಳು ತುಂಬಿದ ಶ್ವಾಸಕೋಶಗಳೊಂದಿಗೆ ಮೇಲೆ ಬಂದರು. ಬೆರಳಚ್ಚು ಕೊಡಬೇಕೆಂಬ ನಿಯಮವನ್ನು ಧಿಕ್ಕರಿಸಿ 1930ರಲ್ಲಿ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಳಿದದ್ದು ಸೈನೈಡ್ ದಿಬ್ಬಗಳು. ಗಾಳಿಗೆ ಅವುಗಳ ದೂಳು ಇಂದಿಗೂ ಊರ ಮೇಲೆ ಹಾರುತ್ತದೆ. ಚಿತ್ರೀಕರಣ ನಡೆದದ್ದೂ ಆ ದಿಬ್ಬಗಳಲ್ಲಿಯೇ. ಕ್ಯಾಮೆರಾ ಅಲ್ಲಿಯವರೆಗೆ ಹೋಯಿತು, ಕಥೆ ಹೋಗಲಿಲ್ಲ.

ಜೇಮ್ಸ್ ಕ್ಯಾಮರೂನರ 'ಅವತಾರ್' 2009ರಲ್ಲಿ ಬಂದಾಗಲೂ ಜಗತ್ತು ಆಡಿದ್ದು ಇದೇ ಮಾತು. ಪಂಡೋರದ ಹೊಳೆಯುವ ಕಾಡು ಅದ್ಭುತ. ಹೊರಗಿನಿಂದ ಬಂದ ಸೈನಿಕ ಮೂಲನಿವಾಸಿಗಳನ್ನು ಉದ್ಧರಿಸುವ ಕಥೆ ಮಾತ್ರ ಅಮೆರಿಕದ ಚಿತ್ರಗಳಲ್ಲಿ ಸವೆದದ್ದು. ಮರುವರ್ಷ ಒಡಿಶಾದ ನಿಯಮಗಿರಿಯ ಡೋಂಗ್ರಿಯಾ ಕೊಂಧರ ಪರವಾಗಿ ಆ ನಿರ್ದೇಶಕರಿಗೆ ಪತ್ರಿಕಾ ಜಾಹೀರಾತಿನ ಮೂಲಕ ಒಂದು ಮನವಿ ಹೋಯಿತು: ಬಾಕ್ಸೈಟಿಗಾಗಿ ಬೆಟ್ಟ ಕಳೆದುಕೊಳ್ಳಲಿರುವ ನಮ್ಮದೂ ಇದೇ ಕಥೆ, ನೆರವಾಗಿ ಎಂದು. ಆದರೆ ನಿಯಮಗಿರಿ ಉಳಿದದ್ದು ಸಿನಿಮಾದ ರೀತಿಯಲ್ಲಲ್ಲ. ಕೆಂಪು ಹಕ್ಕಿಯ ಮೇಲೇರಿ ಯಾವ ವೀರನೂ ಬರಲಿಲ್ಲ. 2013ರ ಏಪ್ರಿಲ್ 18ರಂದು ಸರ್ವೋಚ್ಚ ನ್ಯಾಯಾಲಯ ಗ್ರಾಮಸಭೆಗಳನ್ನೇ ಕೇಳಿರೆಂದಿತು. ಕೇಳಲಾದ ಹನ್ನೆರಡು ಹಳ್ಳಿಗಳೂ ಒಂದೊಂದಾಗಿ ಬೇಡವೆಂದವು.

ಅದೇ ದಿನ ಅದೇ ನ್ಯಾಯಾಲಯ ಇನ್ನೊಂದು ತೀರ್ಪನ್ನೂ ಕೊಟ್ಟಿತು. ಅದು ಚಿಕ್ಕನಾಯಕನಹಳ್ಳಿಯ ಬೆಟ್ಟಗಳಿಗೆ ಸಂಬಂಧಿಸಿದ್ದು.

ಕಬ್ಬಿಣ, ಮ್ಯಾಂಗನೀಸು ಅಡಗಿರುವ ಈ ಬೆಟ್ಟಸಾಲು ಯಾವ ಚಿತ್ರದಲ್ಲೂ ನಾರಾಚಿಯಾಗಿಲ್ಲ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಲಾರಿಗಳು ಹಗಲಿರುಳು ಓಡಿದವು. ದಾರಿ ಬದಿಯ ತೆಂಗಿನ ಗರಿಗಳು ಕೆಂಪಾದವು. ಸಮಾಜ ಪರಿವರ್ತನ ಸಮುದಾಯ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಮೊದಲು ಬಳ್ಳಾರಿಯಲ್ಲಿ, 2011ರ ಆಗಸ್ಟ್ 26ರಂದು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಮೂರೂ ಜಿಲ್ಲೆಗಳ ಗಣಿ ಗುತ್ತಿಗೆಗಳ ಗಡಿಗಳನ್ನು ಅಳೆಯಲಾಯಿತು. ಗಡಿ ಮೀರಿ ಅಗೆದ ಪ್ರಮಾಣ ನೋಡಿ ಮೂರು ವರ್ಗ ಮಾಡಿ, 2013ರ ಆ ತೀರ್ಪಿನಲ್ಲಿ ಕೊನೆಯ ವರ್ಗದ 49 ಗುತ್ತಿಗೆಗಳನ್ನು ರದ್ದುಗೊಳಿಸಲಾಯಿತು. ಅಳತೆಯ ಸರಪಣಿ, ನಕ್ಷೆ, ಪರ್ಮಿಟ್ಟು, ಅರ್ಜಿ: ಇವುಗಳಲ್ಲಿ ಸಿಡಿಯುವಂಥದ್ದು ಯಾವುದೂ ಇಲ್ಲ. ನಿರ್ಮಾಪಕರಿಗೆ ಇದು ರುಚಿಸದಿರುವುದು ಸಹಜ.

ಆದರೂ ನಾಟಕಕ್ಕೆ ಬೇಕಾದದ್ದೆಲ್ಲ ಇಲ್ಲಿಯೇ ಇದೆ. ಖಳನೊಬ್ಬನನ್ನು ಬೆರಳಿಟ್ಟು ತೋರಿಸಲಾಗದು. ಬೆಟ್ಟ ಕರಗುವಾಗ ಕಣ್ಣೀರಿಟ್ಟ ಮನೆಯಲ್ಲಿಯೇ ಸಾಲ ಮಾಡಿ ಅದಿರಿನ ಲಾರಿ ಕೊಂಡ ಮಗನಿರಬಹುದು. ಗಣಿ ನಿಂತ ದಿನ ತೋಟದ ಗರಿ ತೊಳೆದಂತಾಯಿತೆಂದು ತಂದೆ ಹಿಗ್ಗಿದರೆ, ಮಗನಿಗೆ ಕಂತು ಕಟ್ಟುವ ಚಿಂತೆ. ಕರ್ಣನ ಇಕ್ಕಟ್ಟಿಗಿಂತ ಇದು ಕಡಿಮೆಯದೇನೂ ಅಲ್ಲ.

ನೆಲವೇ ಕಥೆಯಾಗಬಲ್ಲದೆಂಬುದಕ್ಕೆ ಕನ್ನಡದಲ್ಲಿ ನಿದರ್ಶನಗಳಿವೆ. ನಾ. ಡಿಸೋಜರ ಕಾದಂಬರಿಯಿಂದ ಗಿರೀಶ ಕಾಸರವಳ್ಳಿಯವರು ಮಾಡಿದ 'ದ್ವೀಪ'ದಲ್ಲಿ ಅಣೆಕಟ್ಟಿನ ನೀರು ಗುಡ್ಡವೊಂದನ್ನು ಸುತ್ತುವರಿಯುತ್ತದೆ. ಏರುವ ನೀರೇ ಅಲ್ಲಿ ದೃಶ್ಯ, ಅದೇ ಕಥೆ. 2022ರ 'ಕಾಂತಾರ'ದಲ್ಲಿ ಧಣಿ, ಅರಣ್ಯಾಧಿಕಾರಿ, ಹಾದಿ ತಪ್ಪಿದ ಮಗ ಎಲ್ಲರೂ ಪರಿಚಿತರೇ. ಆದರೆ ಕೊನೆಯ ಕೋಲವನ್ನು ಬೇರೆ ಯಾವ ಮಣ್ಣಿಗೂ ಸಾಗಿಸಲಾಗದು. 2025ರಲ್ಲಿ ಬಂದ ಅದರ ಪೂರ್ವಕಥೆಯಲ್ಲಿ ಗಣಕಯಂತ್ರದ ಕೆಲಸ ಎಷ್ಟೋ ಪಟ್ಟು ಹೆಚ್ಚಿದೆ. ಮೊದಲನೆಯದರ ಬಿಗಿ ಮಾತ್ರ ಅದರಲ್ಲಿಲ್ಲ.

ಈ ಸೀಮೆಯ ಮನೆಗಳಲ್ಲಿ ಕಾಯಿ ಕೊಬ್ಬರಿಯಾಗಲು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ಬೆಟ್ಟದ ಕಥೆ ಅಟ್ಟಕ್ಕೇರಿ ಹತ್ತು ವರ್ಷಗಳ ಮೇಲಾಯಿತು. ಕಾಲೇಜಿನ ವಾರ್ಷಿಕೋತ್ಸವಗಳಲ್ಲಿ ರಾಕಿಯ ಸಂಭಾಷಣೆ ಹೇಳಿ ಚಪ್ಪಾಳೆ ಗಿಟ್ಟಿಸುವ ವಿದ್ಯಾರ್ಥಿಗಳ ದನಿಯಲ್ಲಿ ಒಳ್ಳೆಯ ನಟರಿದ್ದಾರೆ. ಲೋಕಾಯುಕ್ತರ 2011ರ ವರದಿ ಸಾರ್ವಜನಿಕ ದಾಖಲೆ. ಮೊದಲ ಲಾರಿ ಯಾವ ವರ್ಷ ಬಂತು, ಯಾರ ಬಾವಿ ಯಾವಾಗ ಬತ್ತಿತು, ಹೊಲ ಕೊಡಲು ಒಲ್ಲೆನೆಂದವರು ಯಾರು ಎಂಬುದನ್ನು ಹೇಳಬಲ್ಲ ಹಿರಿಯರು ಇನ್ನೂ ಜಗುಲಿಗಳ ಮೇಲಿದ್ದಾರೆ. ಹಾರ್ಮೋನಿಯಂ ಮೇಷ್ಟ್ರುಗಳೂ ಇದ್ದಾರೆ. ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾಗುವ ಮುನ್ನ ತಾಲೀಮಿಗೆ ಬೇಕಾದಷ್ಟು ರಾತ್ರಿಗಳು ಸಿಗುತ್ತವೆ.